ಪ್ರಧಾನಿಯ ಎಡ ಭುಜ

ಪ್ರಧಾನಮಂತ್ರಿಯ ಅಳತೆ ನನಗೆ ವಾಟ್ಸಾಪಿನಲ್ಲಿ ಬಂತು. ರೂಲು ಹಾಳೆಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿದ್ದರು: ಎದೆ, ಸೊಂಟ, ಭುಜ, ತೋಳು, ಕೊರಳು, ಬೆನ್ನಿನ ಉದ್ದ. ಅದರ ಕೆಳಗೆ ಐದು ಕೋಟುಗಳ ಪಟ್ಟಿ. ಒಂದನೆಯದು ಪಕ್ಷದ ಯುವ ಕಾರ್ಯಕರ್ತನಾಗಿದ್ದಾಗಿನದು, ಎರಡನೆಯದು ಹೊಸದಾಗಿ ಮಂತ್ರಿಯಾದಾಗಿನದು, ಮೂರನೆಯದು ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಳ್ಳುವ ದಿನದ್ದು, ನಾಲ್ಕನೆಯದು ಹದಿನೈದು ವರ್ಷ ಆಳಿದ ಮೇಲಿನದು, ಐದನೆಯದು ಕುರ್ಚಿ ಬಿಟ್ಟು ಹೊರಡುವ ದಿನದ್ದು. ಒಬ್ಬ ಮನುಷ್ಯನ ರಾಜಕೀಯ ಜೀವನವೆಲ್ಲ ಒಂದೇ ಹಾಳೆಯಲ್ಲಿ ಮುಗಿದುಹೋಗಿತ್ತು.

ನಾನು ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಈ ಊರಿನಲ್ಲಿ ಕಟಿಂಗ್ ಟೇಬಲ್ಲಿನ ಮುಂದೆ ಹೆಂಗಸರು ನಿಲ್ಲುವುದು ಅಪರೂಪ. ನಾನು ನಿಂತಿದ್ದೇನೆ, ಚೆನ್ನಾಗಿಯೇ ನಿಂತಿದ್ದೇನೆ. ಅಳತೆ ಕಳಿಸಿದವರು ನಮ್ಮ ಓನರಿನ ಹೆಂಡತಿಯ ಅಕ್ಕ, ಮಡಕಶಿರಾದಲ್ಲಿ ಹೈಸ್ಕೂಲ್ ಟೀಚರು. ಅಲ್ಲಿನ ಶಿಕ್ಷಕರನ್ನೂ ನಿವೃತ್ತರನ್ನೂ ಸೇರಿಸಿಕೊಂಡು ವರ್ಷಕ್ಕೊಂದು ಕನ್ನಡ ನಾಟಕ ಆಡಿಸುವುದು ಅವರ ಹವ್ಯಾಸ. ಈ ಸಲದ ನಾಟಕವನ್ನು ತಾವೇ ಬರೆದಿದ್ದರು: ಬಹಳ ಕಾಲ ದೇಶ ಆಳಿದ ಒಬ್ಬ ಪ್ರಧಾನಿಯ ಕಥೆ. ಯಾವ ಪ್ರಧಾನಿ ಮೇಡಂ ಎಂದು ಫೋನಿನಲ್ಲಿ ಕೇಳಿದೆ. ಯಾರೂ ಅಲ್ಲ, ನನ್ನ ಕಲ್ಪನೆಯವನು, ನಾಟಕದಲ್ಲಿ ಅವನಿಗೆ ಹೆಸರೇ ಇಲ್ಲ ಎಂದರು. ಹೆಸರಿಲ್ಲದಿದ್ದರೂ ಎದೆಯಳತೆ ಇತ್ತು, ನನಗೆ ಅಷ್ಟು ಸಾಕಾಗಿತ್ತು.

ಬಾಡಿಗೆಗೆ ಸಿಗುವ ಕೋಟುಗಳೆಲ್ಲ ಮದುವೆ ಗಂಡಿನವು, ಮಿಂಚುತ್ತಿದ್ದವು. ಅವರ ಊರಿನ ಟೈಲರು ಅಳತೆ ತೆಗೆದುಕೊಟ್ಟರೇ ಹೊರತು ಕೋಟು ಹೊಲಿಯಲು ಒಪ್ಪಲಿಲ್ಲ. ನಮ್ಮ ಯೂನಿಟ್ಟಿನಲ್ಲಿ ಆಗ ಆರ್ಡರು ಕಡಿಮೆ ಇದ್ದು ಅರ್ಧ ಮೆಷಿನ್ನುಗಳು ಸುಮ್ಮನೆ ಕೂತಿದ್ದವು. ಓನರಿಗೆ ಹೆಂಡತಿಯ ಅಕ್ಕನ ಮಾತು ತೆಗೆದುಹಾಕುವ ಧೈರ್ಯವೂ ಇರಲಿಲ್ಲ, ಕೋಟಿನ ಅನುಭವವೂ ಇರಲಿಲ್ಲ. "ಅಕ್ಕಾ, ಮೊದ್ಲು ಕೋರಾ ಬಟ್ಟ್ಯಾಗ ಒಂದು ಟ್ರಯಲ್ ಹಾಕಿ ನೋಡ್ರಿ" ಅಂದರು. ನಾನು ನಕ್ಕೆ. ದಿನಕ್ಕೆ ನೂರಾರು ಪ್ಯಾಂಟಿಗೆ ಕತ್ತರಿ ಹಾಕುವವಳಿಗೆ ಐದು ಕೋಟಿಗೆ ಟ್ರಯಲ್ ಯಾಕೆ ಬೇಕು? ಒಂದು ವಾರದಲ್ಲಿ ಮುಗಿಸಿಕೊಡುತ್ತೇನೆ ಎಂದೆ.

ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ತಪ್ಪು ಹುಟ್ಟಿದ್ದು ಅಲ್ಲೇ. ಜೀನ್ಸಿಗೆ ಮೊದಲು ಒಂದು ನಡುಸೈಜಿನ ಪ್ಯಾಟರ್ನನ್ನು ಕಂದು ಕಾಗದದಲ್ಲಿ ಕತ್ತರಿಸುತ್ತೇವೆ. ಆಮೇಲೆ ಅದನ್ನೇ ಹಿಗ್ಗಿಸಿ ಕುಗ್ಗಿಸಿ ಉಳಿದ ಸೈಜುಗಳನ್ನು ಮಾಡುತ್ತೇವೆ. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಸೊಂಟ ಎರಡಿಂಚು ಏರಿದರೆ ತೊಡೆ ಇಷ್ಟು, ಮೊಣಕಾಲು ಇಷ್ಟು, ಉದ್ದ ಇಷ್ಟು ಎಂದು ಎಲ್ಲವೂ ಒಟ್ಟಿಗೆ ಏರುತ್ತವೆ. ಆಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಎಡದ್ದನ್ನೂ ಬಲದ್ದನ್ನೂ ಒಂದೇ ಏಟಿಗೆ ಕತ್ತರಿಸುತ್ತೇವೆ. ನಮ್ಮ ಟೇಬಲ್ಲಿನ ಮೇಲೆ ಎಡ ಬೇರೆ, ಬಲ ಬೇರೆ ಎಂಬ ಮನುಷ್ಯನೇ ಇಲ್ಲ.

ಹಾಗೆಯೇ ಮಾಡಿದೆ. ಯುವ ಕಾರ್ಯಕರ್ತನಿಗೆ ಸಣ್ಣ ಸೈಜು, ಮಂತ್ರಿಗೆ ಅದರ ಮೇಲಿನದು, ಪ್ರಧಾನಿಯಾದ ಮೇಲೆ ಇನ್ನೊಂದು ಮೇಲಿನದು. ಅಧಿಕಾರದಲ್ಲಿ ಕೂತವರಿಗೆ ಮೈ ಬರುತ್ತದೆ, ಹೊಟ್ಟೆ ಬರುತ್ತದೆ, ಆದ್ದರಿಂದ ಸೈಜು ಏರಿಸಿದೆ. ದಪ್ಪ ಸೂಜಿ ತೆಗೆಸಿ ಸಣ್ಣ ಸೂಜಿ ಹಾಕಿಸಿದೆ, ಜೀನ್ಸ್ ದಾರ ಬದಲಿಸಿದೆ, ಎದೆಗೆ ಕ್ಯಾನ್ವಾಸ್ ಅಂಟಿಸಿ ಇಸ್ತ್ರಿ ಮಾಡಿಸಿದೆ. ಹೇಳಿದ ವಾರಕ್ಕೆ ಒಂದು ದಿನ ಮೊದಲೇ ಐದೂ ಕೋಟುಗಳು ಹ್ಯಾಂಗರಿನ ಮೇಲೆ ನೇತಾಡಿದವು. ಓನರು ಎರಡು ಸಲ ಬಂದು ನೋಡಿ ಹೋದರು. ಇನ್ನು ಮುಂದೆ ಕೋಟಿನ ಆರ್ಡರು ಹಿಡಿಯಬಹುದು ಎಂಬ ಲೆಕ್ಕ ಅವರ ಮುಖದ ಮೇಲೇ ಕಾಣುತ್ತಿತ್ತು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಕೋಟುಗಳು ಮುದುಡದಂತೆ ತೊಡೆಯ ಮೇಲೆ ಮಲಗಿಸಿಕೊಂಡು ಮಡಕಶಿರಾ ತಲುಪಿದೆ. ರಜೆಯ ದಿನ, ಶಾಲೆಯ ಒಂದು ಕೋಣೆಯಲ್ಲಿ ರಿಹರ್ಸಲ್ ನಡೆದಿತ್ತು. ಪ್ರಧಾನಿಯ ಪಾತ್ರದವರು ಅಲ್ಲೇ ಹತ್ತಿರದ ರತ್ನಗಿರಿ ಎಂಬ ಊರಿನವರು, ಆರ್‌ಟಿಸಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಸ್ಸಿನ ಕೊನೆಯ ಸೀಟಿಗೂ ಕೇಳುವ ಗಂಟಲು. ಶಾಲು ಹೊದ್ದುಕೊಂಡೇ ನಿಂತು ಮಾತು ಒಪ್ಪಿಸುತ್ತಿದ್ದರು. ಆ ದನಿಗೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಈ ಮನುಷ್ಯನಿಗೆ ನನ್ನ ಕೋಟು ಹಾಕಿದರೆ ನಾಟಕ ಗೆದ್ದ ಹಾಗೇ ಎಂದುಕೊಂಡೆ.

ಮೊದಲನೆಯ ಕೋಟು ಹಾಕಿದೆವು. ಬಲಗಡೆ ಎರಕ ಹೊಯ್ದಂತೆ ಕೂತಿತು. ಎಡಗಡೆ ಕೊರಳಿನಿಂದ ಕಂಕುಳಿನವರೆಗೆ ಒಂದು ದಪ್ಪ ನೆರಿಗೆ ಬಿದ್ದು ಬಟ್ಟೆ ಕುಸಿಯಿತು. ಹೊಲಿದವರ ತಪ್ಪು ಎಂದು ಮನಸ್ಸಿನಲ್ಲೇ ಬೈದುಕೊಂಡು ಎರಡನೆಯದನ್ನು ಹಾಕಿಸಿದೆ. ಅದೂ ಹಾಗೇ. ಮೂರನೆಯದೂ ಹಾಗೇ. ನಾಲ್ಕನೆಯದನ್ನು ಹಾಕಿದಾಗ ತೋಳು ಬೆರಳ ತುದಿಯವರೆಗೆ ಇಳಿದು, ಕೋಟು ತೊಡೆ ಮುಚ್ಚಿತು. ಐದನೆಯದರಲ್ಲಿ ಅವರು ದೊಡ್ಡಣ್ಣನ ಅಂಗಿ ಹಾಕಿಕೊಂಡ ಹಾಗೆ ಕಾಣುತ್ತಿದ್ದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನಗೂ ಆಗಲೇ ಹೊಳೆದದ್ದು: ಮನುಷ್ಯ ಮಂತ್ರಿಯಿಂದ ಪ್ರಧಾನಿಯಾಗುತ್ತಾನೆ, ಹೊಟ್ಟೆ ಬೆಳೆಯುತ್ತದೆ, ಆದರೆ ಕೈ ಉದ್ದವಾಗುವುದಿಲ್ಲ. ನಾನು ಒಬ್ಬ ಮನುಷ್ಯನ ಜೀವನವನ್ನು ಐದು ಸೈಜಿನ ಪ್ಯಾಂಟಿನ ಹಾಗೆ ಗ್ರೇಡಿಂಗ್ ಮಾಡಿಬಿಟ್ಟಿದ್ದೆ. ಇದನ್ನು ಮಾಡಲು ಜೀನ್ಸ್ ಕಟಿಂಗ್ ಮಾಸ್ಟರೇ ಆಗಬೇಕು, ಬೇರೆ ಯಾರಿಂದಲೂ ಸಾಧ್ಯವಿಲ್ಲ.

ತೋಳಿನ ಉದ್ದ ಸರಿಮಾಡುವುದು ದೊಡ್ಡ ಮಾತಲ್ಲ. ಎಡಗಡೆಯ ಕುಸಿತ ಮಾತ್ರ ಅರ್ಥವಾಗಲಿಲ್ಲ. ಪಿನ್ನು ಹಾಕಲು ಎಡ ಭುಜದ ಮೇಲೆ ಕೈ ಇಟ್ಟಾಗ ಅವರು ಸರ್ರನೆ ಹಿಂದೆ ಸರಿದು ಶಾಲು ಎಳೆದುಕೊಂಡರು. ಎಲ್ಲರೂ ನಕ್ಕಾಗ ನಗದಿದ್ದವರು ಅವರೊಬ್ಬರೇ.

ನಿರ್ದೇಶಕಿ, ಅಂದರೆ ಆ ಟೀಚರು, ನನ್ನನ್ನು ವರಾಂಡಕ್ಕೆ ಕರೆದರು. ಎರಡು ವರ್ಷದ ಹಿಂದೆ ಆ ಪ್ರಧಾನಿ ಪಾತ್ರದವರಿಗೆ ಪಾರ್ಶ್ವವಾಯು ಹೊಡೆದಿತ್ತಂತೆ. ಕಾಲು ಸರಿಹೋಯಿತು, ಮಾತು ಪೂರ್ತಿ ಬಂತು, ಎಡ ತೋಳು ಮಾತ್ರ ಹಿಂದುಳಿಯಿತು. ಅಷ್ಟು ಇಳಿದಿದೆ ಎಂದು ಕೋಟು ಹಾಕಿದ ಮೇಲೆಯೇ ತಮಗೂ ಗೊತ್ತಾದದ್ದು, ಶಾಲಿಲ್ಲದೆ ಅವರನ್ನು ಯಾರೂ ನೋಡಿಲ್ಲ ಎಂದರು. ಕಾಯಿಲೆಯಾದ ಮೇಲೆ ತಂಡದಲ್ಲಿ ಅವರಿಗೆ ತೆರೆಯ ಹಿಂದಿನ ದನಿಯ ಕೆಲಸ ಬಿಟ್ಟು ಬೇರೆ ಕೊಟ್ಟಿರಲಿಲ್ಲ. ಈಗ ಧೈರ್ಯ ಮಾಡಿ ಮುಖ್ಯ ಪಾತ್ರ ಕೊಟ್ಟಿದ್ದರು. ಆದರೂ ಅದೇ ಪಾತ್ರದ ಮಾತು ಕಲಿತ ಇನ್ನೊಬ್ಬ ಯುವಕ, ಅದೇ ಶಾಲೆಯ ಮೇಷ್ಟ್ರು, ಬದಲಿಗೆ ಸಿದ್ಧನಾಗಿದ್ದ. ನಾಟಕಕ್ಕೆ ಹನ್ನೆರಡು ದಿನ ಉಳಿದಿತ್ತು, ಕಲ್ಯಾಣ ಮಂಟಪ ಮುಂದಿನ ತಾರೀಕಿಗೆ ಸಿಗುವಂತಿರಲಿಲ್ಲ.

"ಪ್ರಧಾನಿ ಅಂದ್ಮೇಲೆ ಮೊದಲ ಸೀನಲ್ಲೇ ಜನ ನಂಬಬೇಕಲ್ಲ" ಅಂದರು. "ಇನ್ನೊಂದು ಸಲಕ್ಕೂ ಕೋಟು ಕೂರಲಿಲ್ಲ ಅಂದ್ರೆ ಪಾರ್ಟು ಆ ಹುಡುಗನಿಗೆ ಕೊಡ್ತೀನಿ. ನನಗೇನು ಖುಷಿಯಿಂದ ಅಲ್ಲ."

ನಾನು ಒಳಗೆ ಹೋಗಿ, ಎಲ್ಲರನ್ನೂ ಟೀ ಕುಡಿಯಲು ಕಳಿಸಿ, ಬಾಗಿಲು ಮುಂದೆ ಮಾಡಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ತಪ್ಪು ನನ್ನದು, ಬಲಗಡೆಯ ಅಳತೆಯನ್ನು ಎರಡೂ ಕಡೆಗೆ ಹಾಕಿದೆ, ಈಗ ಎಡಗಡೆಯದನ್ನು ಕೊಡಿ ಎಂದೆ. ಅವರು ಶಾಲು ತೆಗೆದು ಬೆಂಚಿನ ಮೇಲಿಟ್ಟರು.

"ಟೈಲರ್ ಬಲಗಡೆ ಮಾತ್ರ ಅಳ್ದ. ಎಲ್ಲಾರೂ ಅಂಗೇ ಅಳೆಯೋದು. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದರು. ಆಮೇಲೆ ನನ್ನ ಮುಖ ನೋಡಿದರು. "ಮಾಸ್ಟ್ರಮ್ಮ, ಈ ಪಾರ್ಟು ಹೋದ್ರೆ ನಂಗೆ ಇನ್ನೊಂದು ಬರಲ್ಲ. ಹೆಂಗಾನಾ ಮಾಡಿ. ಆದ್ರೆ ಇದು ಒಬ್ರಿಗೂ ಕಾಣಬಾರದು."

ಕಾಣಿಸುವುದಿಲ್ಲ ಎಂದು ಮಾತು ಕೊಟ್ಟೆ. ಒಂದು ದಾರದ ತುದಿಗೆ ಮೆಷಿನ್ನಿನ ಬಾಬಿನ್ ಕಟ್ಟಿ, ಕತ್ತಿನ ಹಿಂದಿನ ಮೂಳೆಯಿಂದ ಇಳಿಬಿಟ್ಟೆ. ಅದು ನೇರ ಗೆರೆ. ಆ ಗೆರೆಯಿಂದ ಬಲಕ್ಕೆಷ್ಟು, ಎಡಕ್ಕೆಷ್ಟು ಎಂದು ಬೇರೆ ಬೇರೆ ಬರೆದುಕೊಂಡೆ. ಎಡ ಭುಜ ಎರಡು ಬೆರಳಿಗಿಂತ ಹೆಚ್ಚು ಕೆಳಗಿತ್ತು, ಸ್ವಲ್ಪ ಮುಂದಕ್ಕೂ ಬಾಗಿತ್ತು. ತೋಳಿನ ಭಾರವೆಲ್ಲ ಆ ಕೀಲಿನ ಮೇಲೇ ಜೋತುಬಿದ್ದಿತ್ತು. ನಿಂತು ಹತ್ತು ನಿಮಿಷಕ್ಕೆ ನೋವು ಶುರುವಾಗುತ್ತದೆ ಎಂದು ನಾನು ಕೇಳಿದ ಮೇಲೆ ಹೇಳಿದರು. ನಾಟಕ ಒಂದೂವರೆ ಗಂಟೆಯದು.

ರಾಯದುರ್ಗಕ್ಕೆ ವಾಪಸು ಬಂದು ಓನರಿಗೆ ಎಲ್ಲ ಹೇಳಿದೆ. ಟ್ರಯಲ್ ಹಾಕಿ ಎಂದು ನಾನು ಹೇಳಿರಲಿಲ್ಲವೇ ಎಂದು ಅವರು ಅನ್ನಲಿಲ್ಲ, ಅಂದಿದ್ದರೇ ವಾಸಿಯಿತ್ತು. ಕೋರಾ ಬಟ್ಟೆಯ ಥಾನನ್ನು ತಂದು ಟೇಬಲ್ಲಿನ ಮೇಲಿಟ್ಟು ಹೋದರು.

ಹೊಸದಾಗಿ ಶುರುಮಾಡಿದೆ. ಎಡಕ್ಕೊಂದು, ಬಲಕ್ಕೊಂದು ಪ್ಯಾಟರ್ನು. ಎಡದ್ದಕ್ಕೆಲ್ಲ ಕೆಂಪು ಪೆನ್ಸಿಲಿನ ಗುರುತು. ಉದ್ದ, ತೋಳು, ಕೊರಳು ಐದು ಕೋಟಿಗೂ ಒಂದೇ. ಬದಲಾಗುವುದು ಹೊಟ್ಟೆ ಮಾತ್ರ, ಅದಕ್ಕೂ ಒಳಗೆ ಹತ್ತಿಯ ಪಟ್ಟಿ. ಇಷ್ಟನ್ನು ಕಾಗದದ ಮೇಲೆ ತರಲು ಒಂದು ಪೂರ್ತಿ ದಿನ ಹಿಡಿಯಿತು. ನಮ್ಮ ಟೈಲರುಗಳು ಬಂಡಲ್ಲಿನಲ್ಲಿ ಬಂದ ತುಂಡುಗಳನ್ನು ಕಣ್ಣುಮುಚ್ಚಿ ಹೊಲಿಯುವವರು. ಒಬ್ಬ ಎಡದ ತುಂಡನ್ನು ತಿರುವಿಹಾಕಿ ಬಲಕ್ಕೆ ಹೊಲಿದೇಬಿಟ್ಟ. ಅದನ್ನು ಬಿಚ್ಚಿಸಿದ ಮೇಲೆ ಲೈನಿಗೆ ಕೊಡುವುದನ್ನೇ ನಿಲ್ಲಿಸಿದೆ. ಕೈಹೊಲಿಗೆಯಲ್ಲಿ ಪಳಗಿದ, ಗುಂಡಿಗೆ ಕಾಜಾ ಹಾಕುವ ಬೆಳುಗುಪ್ಪದ ಒಬ್ಬ ಹಿರಿಯಾಕೆ ನಮ್ಮಲ್ಲಿದ್ದಾರೆ. ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ನಾವಿಬ್ಬರೇ ಮಾಡಿದೆವು.

ಎಡ ಭುಜವನ್ನು ಬಲದ ಮಟ್ಟಕ್ಕೆ ಎತ್ತಿ ತೋರಿಸುವ ಪ್ಯಾಡು ಸುಲಭಕ್ಕೆ ಬಗ್ಗಲಿಲ್ಲ. ಮೊದಲು ಸ್ಪಂಜು ಇಟ್ಟೆ. ನೋಡಲು ಬನ್ನು ಇಟ್ಟ ಹಾಗಿತ್ತು, ತೋಳು ಅಲುಗಿದರೆ ಬೆನ್ನಿಗೆ ಜಾರುತ್ತಿತ್ತು. ಆಮೇಲೆ ಹತ್ತಿಯನ್ನು ಪದರ ಪದರವಾಗಿ, ಪ್ರತಿ ಪದರವೂ ಕೆಳಗಿನದಕ್ಕಿಂತ ಚಿಕ್ಕದಾಗುವಂತೆ ಕತ್ತರಿಸಿ ಕ್ಯಾನ್ವಾಸಿನ ಮೇಲೆ ಹೊಲಿದೆ. ಆದರೂ ಜಾರಿತು. ಭುಜದ ಹೊಲಿಗೆಗೆ ಸೇರಿಸಬೇಡ, ಕಾಲರಿನ ಕ್ಯಾನ್ವಾಸಿಗೇ ಸೇರಿಸು, ಭಾರ ಕತ್ತಿನ ಮೇಲೆ ಹೋಗುತ್ತದೆ ಎಂದು ಆ ಹಿರಿಯಾಕೆ ಸೂಜಿಯಿಂದ ತಲೆ ಎತ್ತದೆಯೇ ಹೇಳಿದರು. ಹಾಗೆ ಮಾಡಿ, ಕಂಕುಳಿನ ಕೆಳಗೆ ಒಂದು ಪಟ್ಟಿ ಎಳೆದು ಕಟ್ಟಿದೆವು. ಪ್ಯಾಡು ಕೂತಿತು.

ಕೈಯ ಭಾರಕ್ಕೆ ಉಪಾಯ ಜೀನ್ಸಿನಿಂದಲೇ ಸಿಕ್ಕಿತು. ಕೋಟಿನ ಎಡ ಜೇಬನ್ನು ಒಂದೂವರೆ ಇಂಚು ಮೇಲಕ್ಕೆ ತಂದು, ಒಳಚೀಲವನ್ನು ಜೀನ್ಸ್ ಬಟ್ಟೆಯಲ್ಲಿ ಎರಡು ಪದರ ಮಾಡಿ, ಮೂಲೆಗಳಿಗೆ ಪ್ಯಾಂಟಿಗೆ ಹಾಕುವ ಗಟ್ಟಿ ಟಾಕಾ ಹಾಕಿದೆ. ಕೈಯನ್ನು ಆ ಜೇಬಿನಲ್ಲಿಟ್ಟರೆ ತೋಳಿನ ಭಾರವನ್ನು ಜೇಬೇ ಹೊರುತ್ತದೆ. ಜೇಬಿನಲ್ಲಿ ಕೈ ಇಟ್ಟು ಮಾತಾಡುವುದು ಈ ಪ್ರಧಾನಿಯ ಗತ್ತು ಎಂದು ನೋಡುವವರು ತಿಳಿಯುತ್ತಾರೆ. ಈ ಜೇಬಿನ ವಿಷಯದಲ್ಲಿ ನಾನು ಈಗಲೂ ಬೀಗುತ್ತೇನೆ, ಬೀಗಬಾರದು ಎಂದು ಯಾರಾದರೂ ಹೇಳಿದರೆ ಕೇಳುವುದಿಲ್ಲ.

ಇನ್ನು ದೃಶ್ಯ ದೃಶ್ಯದ ನಡುವೆ ಬೇಗ ಕೋಟು ಬದಲಿಸಬೇಕಿತ್ತು. ಎಡಪಕ್ಕದ ಹೊಲಿಗೆಯನ್ನು ಸೊಂಟದಿಂದ ಕಂಕುಳಿನವರೆಗೆ, ಅಲ್ಲಿಂದ ಮಣಿಕಟ್ಟಿನವರೆಗೆ ಬಿಚ್ಚಿ ಟಿಚ್ ಬಟನ್ ಹಾಕಿದೆವು. ವೆಲ್ಕ್ರೋ ಸುಲಭವಿತ್ತು, ಆದರೆ ಎಳೆದಾಗ ಪರ್ ಎಂದು ಸದ್ದು ಮಾಡುತ್ತದೆ, ಸಭೆಗೆ ಕೇಳುತ್ತದೆ. ಎಲ್ಲ ಆದ ಮೇಲೆ ಪರೀಕ್ಷೆಗೆ ನಮ್ಮ ಓನರನ್ನೇ ನಿಲ್ಲಿಸಿದೆ. ಎಡಗೈಗೆ ರಿವೆಟ್ಟಿನ ಚೀಲ ಕಟ್ಟಿ, ಭುಜ ಇಳಿಸಿಕೊಂಡು ಯೂನಿಟ್ಟಿನ ಉದ್ದಕ್ಕೂ ನಾಲ್ಕು ಸಲ ನಡೆಸಿದೆ. ಮೆಷಿನ್ನುಗಳೆಲ್ಲ ನಿಂತವು, ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು. ಕೋಟು ಮಾತ್ರ ಅಲುಗಲಿಲ್ಲ.

ನಾಟಕದ ಪ್ರತಿಯನ್ನು ನಿರ್ದೇಶಕಿ ನನಗೆ ಕೊಟ್ಟಿದ್ದರು. ಊಟದ ಬಿಡುವಿನಲ್ಲಿ ಓದಿದೆ. ಹಳ್ಳಿಯ ಮೇಷ್ಟರ ಮಗ, ಕಾಲೇಜು ಬಿಟ್ಟು ಚಳವಳಿಗೆ ಇಳಿಯುತ್ತಾನೆ, ಜೈಲು ನೋಡುತ್ತಾನೆ, ಮೊದಲ ಚುನಾವಣೆ ಸೋಲುತ್ತಾನೆ, ಎರಡನೆಯದರಲ್ಲಿ ಗೆದ್ದು ಮಂತ್ರಿಯಾಗುತ್ತಾನೆ. ಹಿರಿಯ ನಾಯಕ ತೀರಿಕೊಂಡಾಗ ಇಬ್ಬರ ಜಗಳದಲ್ಲಿ ಮೂರನೆಯವನಾಗಿ ಪ್ರಧಾನಿಯ ಕುರ್ಚಿ ಸಿಗುತ್ತದೆ. ನಾಲ್ಕು ದಿನದ ಅತಿಥಿ ಎಂದವರೆಲ್ಲ ಹೋಗಿ, ಇವನೇ ಉಳಿಯುತ್ತಾನೆ. ಒಂದು ಅಣೆಕಟ್ಟು ಕಟ್ಟಿಸುತ್ತಾನೆ, ಒಂದು ಯುದ್ಧ ತಪ್ಪಿಸುತ್ತಾನೆ, ಜೈಲಿನಲ್ಲಿ ಜೊತೆಗಿದ್ದ ಗೆಳೆಯನನ್ನು ಸಂಪುಟದಿಂದ ಹೊರಹಾಕುತ್ತಾನೆ. ಕೊನೆಗೆ ಅವನ ಪಕ್ಷದವರೇ ಕೈಯೆತ್ತಿ ಅವನನ್ನು ಇಳಿಸುತ್ತಾರೆ. ಆ ಕೈಯೆತ್ತಿದ ದೃಶ್ಯ ಓದುವಾಗ ಅನ್ನದ ಡಬ್ಬಿ ತಣ್ಣಗಾಗಿತ್ತು.

ತಲೆಯೆತ್ತಿ ನೋಡಿದೆ. ಎದುರಿಗೆ ನಮ್ಮ ಲೈನು. ಹತ್ತು, ಹದಿನೈದು ವರ್ಷ ಒಂದೇ ಮೆಷಿನ್ನಿನ ಮುಂದೆ ಕೂತವರು. ಅವರಲ್ಲಿ ಎರಡೂ ಭುಜ ಸಮನಾಗಿರುವವರು ಒಬ್ಬರೂ ಇಲ್ಲ. ಬಟ್ಟೆ ತಳ್ಳುವ ಕಡೆಯದು ಒಂದು ರೀತಿ, ಹಿಡಿಯುವ ಕಡೆಯದು ಇನ್ನೊಂದು ರೀತಿ. ದಿನಾ ನೋಡುತ್ತಿದ್ದ ನನಗೆ ಅದು ಅಂದು ಕಂಡಿತು. ಒಂದೇ ಕುರ್ಚಿಯಲ್ಲಿ ಅಷ್ಟು ವರ್ಷ ಕೂತು, ಅಷ್ಟೆಲ್ಲ ಮಾಡಿ, ಗೆಳೆಯನನ್ನೂ ಕಳೆದುಕೊಂಡವನ ಭುಜ ಮೊದಲ ದಿನದ ಹಾಗೇ ಇರುತ್ತದೆಯೇ? ನಾನು ಐದೂ ಕೋಟಿನಲ್ಲಿ ಅವನನ್ನು ನೆಟ್ಟಗೆ ನಿಲ್ಲಿಸುತ್ತಿದ್ದೆ. ಅದು ಸುಳ್ಳು ಹೊಲಿಗೆ ಎನ್ನಿಸಿತು. ಮೊದಲ ಮೂರು ಕೋಟಿಗೆ ಪೂರ್ತಿ ಪ್ಯಾಡು, ನಾಲ್ಕನೆಯದಕ್ಕೆ ಅರ್ಧ, ಐದನೆಯದಕ್ಕೆ ಬೇಡವೇ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ, ಕೊಟ್ಟ ಮಾತೂ ಆ ಕ್ಷಣ ನೆನಪಿಗೆ ಬರಲಿಲ್ಲ.

ನಾಟಕಕ್ಕೆ ಮೂರು ದಿನವಿರುವಾಗ ಎರಡನೆಯ ಟ್ರಯಲ್. ಮೊದಲ ಮೂರು ಕೋಟು ಹಾಕಿ ಅವರು ಕೋಣೆಯ ತುಂಬ ನಡೆದಾಡಿದರು. ಎಡಗೈ ಜೇಬಿನಲ್ಲಿತ್ತು. ಹಿಂದಿನ ಸಲ ನಕ್ಕವರು ಬೆಂಚಿನಿಂದ ಎದ್ದು ನಿಂತರು, ಬದಲಿಗೆ ಸಿದ್ಧನಾಗಿದ್ದ ಮೇಷ್ಟ್ರೇ ಮೊದಲು ಚಪ್ಪಾಳೆ ತಟ್ಟಿದ. ಪಾತ್ರ ಬದಲಿಸುವ ಮಾತೇ ಇಲ್ಲ ಎಂದು ನಿರ್ದೇಶಕಿ ಎಲ್ಲರ ಮುಂದೆ ಹೇಳಿದರು. ನಮ್ಮ ಪ್ರಧಾನಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. ಅಲ್ಲಿಗೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರಿಗೂ ಸುಖವಾಗಿರುತ್ತಿತ್ತು.

ಬಾಕಿಯವರು ಹೋದ ಮೇಲೆ ನಾನು ನಾಲ್ಕು, ಐದನೆಯ ಕೋಟಿನ ಯೋಚನೆ ಹೇಳಿದೆ. ನಿರ್ದೇಶಕಿ ಮೊದಲು ಒಪ್ಪಲಿಲ್ಲ. ಹೊಲಿದವರಿಗೆ ಕೋಟಿನ ಕೆಲಸವೇ ಬರುವುದಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ ಎಂದರು. ಲೈನಿನವರ ಭುಜದ ವಿಷಯ ಹೇಳಿದಾಗ ಮತ್ತೆ ಪ್ರತಿ ತೆಗೆದು ಕೊನೆಯ ದೃಶ್ಯದ ಹಾಳೆ ತಿರುವಿದರು. ಅವರು ಒಪ್ಪುತ್ತಿದ್ದಾರೆ ಎಂದು ತಿಳಿದ ಕೂಡಲೇ ಪ್ರಧಾನಿಗೆ ಸಿಟ್ಟು ಬಂತು.

"ಕಾಣ್ಸಲ್ಲ ಅಂತ ಮಾತು ಕೊಟ್ಟಿದ್ದೆ ನೀನು" ಅಂದರು. ಅಲ್ಲಿಯವರೆಗಿನ ಮಾಸ್ಟ್ರಮ್ಮ ಹೋಗಿ ನೀನು ಬಂದಿತ್ತು. "ಎಲ್ಡು ವರ್ಷದಿಂದ ನಾನು ಮುಚ್ಚಿಕೊಂಡು ತಿರುಗ್ತಿರೋದನ್ನ ಊರೆಲ್ಲ ಕೂರಿಸಿ ತೋರಿಸ್ತೀಯಾ?"

ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಅಣ್ಣಾರ, ನಾ ನಿಮ್ಮನ್ನ ತೋರ್ಸಾಕ ಹೊಲಿದಿಲ್ರಿ. ಆ ಪ್ರಧಾನಿನ್ನ ತೋರ್ಸಾಕ ಹೊಲಿದೀನಿ" ಎಂದೆ. ಹೇಳಿದ ಕೂಡಲೇ ನಾಚಿಕೆಯಾಯಿತು. ಭುಜ ಅವರದು, ಕೋಟು ಮಾತ್ರ ನನ್ನದು. ನನ್ನ ಜಾಣತನ ಮೆರೆಸಲು ಅವರ ಮೈಯನ್ನು ಬಳಸುತ್ತಿದ್ದೇನೆಯೇ ಎಂಬ ಅನುಮಾನ ಬಂತು. ಇಂದಿಗೂ ಆ ಅನುಮಾನ ಪೂರ್ತಿ ಹೋಗಿಲ್ಲ.

ಕೊನೆಗೆ ದನಿ ಇಳಿಸಿ ಹೇಳಿದೆ: "ಐದನೇ ಕೋಟಿನ ಪ್ಯಾಡಿಗೆ ಟಿಚ್ ಬಟನ್ ಹಾಕ್ತೀನ್ರಿ. ಇಟ್ಟೇ ತರ್ತೀನಿ. ಇರ್ಬೇಕೋ ಬ್ಯಾಡೋ ಅವತ್ತು ನೀವಾ ಹೇಳ್ರಿ. ನಾ ಮತ್ತ ಕೇಳಂಗಿಲ್ಲ."  ನಾಲ್ಕನೆಯದಕ್ಕೆ ಅರ್ಧ ಪ್ಯಾಡು ಆಗಬಹುದು ಎಂದು ನಾನು ಹೊರಡುವಾಗ ಅವರು ನಿರ್ದೇಶಕಿಯ ಕೈಲಿ ಹೇಳಿ ಕಳಿಸಿದರು, ಅಷ್ಟೇ.

ನಾಟಕ ಭಾನುವಾರ ಮಧ್ಯಾಹ್ನ ಮೂರಕ್ಕೆ. ಸುತ್ತಲ ಹಳ್ಳಿಯವರು ಸಂಜೆಯ ಬಸ್ಸು ಹಿಡಿಯಬೇಕು, ಅದಕ್ಕೆ ಆ ಹೊತ್ತು. ಕಲ್ಯಾಣ ಮಂಟಪದಲ್ಲಿ ವಧುವಿನ ಕೋಣೆಯೇ ನಮ್ಮ ಗ್ರೀನ್‌ರೂಮು. ಐದೂ ಕೋಟುಗಳನ್ನು ಕ್ರಮವಾಗಿ ನೇತುಹಾಕಿ, ಬಟನ್ನುಗಳನ್ನೆಲ್ಲ ಬಿಚ್ಚಿಟ್ಟೆ. ಹಾಕುವಾಗ ಎಡಗೈ ಮೊದಲು, ತೆಗೆಯುವಾಗ ಎಡಗೈ ಕೊನೆಗೆ. ನಾವಿಬ್ಬರೂ ಮಾತಿಲ್ಲದೆ ಒಮ್ಮೆ ಅಭ್ಯಾಸ ಮಾಡಿಕೊಂಡೆವು. ಮುನಿಸು ಇತ್ತು, ಆದರೆ ಕೆಲಸಕ್ಕೆ ಅಡ್ಡ ಬರಲಿಲ್ಲ.

ಮೊದಲ ದೃಶ್ಯದಲ್ಲಿ ಅವರು ಎಡಗೈ ಜೇಬಿಗೆ ಹಾಕಿ ಒಳಗೆ ಬಂದು ಬಾಯಿ ತೆರೆದರು, ಮಕ್ಕಳ ಗದ್ದಲ ನಿಂತಿತು. ಎರಡನೆಯ ಕೋಟು ಇಪ್ಪತ್ತು ಎಣಿಸುವಷ್ಟರಲ್ಲಿ ಬದಲಾಯಿತು. ಪ್ರಮಾಣವಚನದ ದೃಶ್ಯದಲ್ಲಿ ಅವರು ಎಷ್ಟು ನೆಟ್ಟಗೆ ನಿಂತಿದ್ದರೆಂದರೆ, ಪ್ಯಾಡು ನಾನೇ ಹೊಲಿದದ್ದು ಎಂಬುದು ನನಗೇ ಮರೆತುಹೋಗಿತ್ತು. ನಾಲ್ಕನೆಯದರಲ್ಲಿ ಮಣಿಕಟ್ಟಿನ ಒಂದು ಬಟನ್ನು ಕಿತ್ತು ಬಂತು. ಬಾಯಲ್ಲಿ ಕಚ್ಚಿಟ್ಟುಕೊಂಡಿದ್ದ ಪಿನ್ನು ಹಾಕಿ ಕಳಿಸಿದೆ. ಗೆಳೆಯನನ್ನು ಹೊರಹಾಕುವಾಗ ಆ ಭುಜ ಒಂದು ಬೆರಳಷ್ಟು ಇಳಿದಿತ್ತು. ಮುಂದಿನ ಸಾಲಿನ ಒಬ್ಬ ಹೆಂಗಸು ಪಕ್ಕದವಳಿಗೆ ತೆಲುಗಿನಲ್ಲಿ ಪಾಪ, ಸೋತುಹೋಗಿದ್ದಾನೆ ಎಂದದ್ದು ನನಗೆ ಪರದೆಯ ಹಿಂದೆ ಕೇಳಿಸಿತು.

ಐದನೆಯ ಕೋಟಿಗೆ ಸ್ವಲ್ಪ ಸಮಯವಿತ್ತು. ಹೊರಗೆ ಪಕ್ಷದ ಸಭೆಯ ದೃಶ್ಯ ನಡೆಯುತ್ತಿತ್ತು, ಅದರಲ್ಲಿ ಅವರಿಲ್ಲ. ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. ನಾನು ಪ್ಯಾಡು ಇದ್ದ ಕೋಟನ್ನೇ ಹಿಡಿದು ನಿಂತೆ, ಕೊಟ್ಟ ಮಾತಿನಂತೆ ಏನೂ ಕೇಳಲಿಲ್ಲ. ಎಡಗೈ ಹಾಕಿದೆ, ಬೆನ್ನು ಸರಿಮಾಡಿದೆ, ಬಲಗೈ ಅವರೇ ಹಾಕಿಕೊಂಡರು. ಹೊರಗೆ ಒಬ್ಬೊಬ್ಬರೇ ಕೈಯೆತ್ತುತ್ತ ಹೆಸರು ಹೇಳುವುದು ಕೇಳುತ್ತಿತ್ತು. ಅವರು ಕಣ್ಣು ಮುಚ್ಚಿ ಅದನ್ನು ಪೂರ್ತಿ ಕೇಳಿಸಿಕೊಂಡರು.

"ತೆಗೀಮ್ಮ" ಅಂದರು.

ನಾಲ್ಕು ಬಟನ್ನು. ಒಂದೊಂದನ್ನೇ ಬಿಡಿಸಿ, ಕಾಲರಿನ ಕೆಳಗಿನಿಂದ ಪ್ಯಾಡನ್ನು ಹೊರಗೆಳೆದೆ. ಕೋಟು ಅವರ ನಿಜವಾದ ಭುಜದ ಮೇಲೆ ಕೂತಿತು. ಆ ಅಳತೆಗೇ ಅದನ್ನು ಕತ್ತರಿಸಿದ್ದೆ, ಆದ್ದರಿಂದ ಒಂದು ನೆರಿಗೆಯೂ ಬೀಳಲಿಲ್ಲ. ನನ್ನ ಕಣ್ಣು ತುಂಬಿತ್ತು, ಇದನ್ನು ಬರೆಯಲು ನನಗೇನೂ ಸಂಕೋಚವಿಲ್ಲ.

ಕೊನೆಯ ದೃಶ್ಯದಲ್ಲಿ ಮಾತು ಕಡಿಮೆ. ಪ್ರಧಾನಿ ಮೇಜಿನ ಡ್ರಾ ಖಾಲಿ ಮಾಡುತ್ತಾನೆ, ಒಂದು ಕಾಗದಕ್ಕೆ ಸಹಿ ಹಾಕುತ್ತಾನೆ, ಸಿಬ್ಬಂದಿಗೆ ತಲೆಬಾಗುತ್ತಾನೆ, ವೇದಿಕೆಯ ಈ ತುದಿಯಿಂದ ಆ ತುದಿಯ ಬಾಗಿಲಿಗೆ ನಡೆದುಹೋಗುತ್ತಾನೆ. ರಿಹರ್ಸಲಿನಲ್ಲಿ ಹೋಗುವಾಗ ಎಡಗೈ ಜೇಬಿನಲ್ಲಿರುತ್ತಿತ್ತು. ಅಂದು ಅವರು ಅದನ್ನು ಹೊರಗೆ ತೆಗೆದರು. ಕೈ ಜೋತುಬಿತ್ತು, ಭುಜ ಇಳಿಯಿತು, ಅವರು ಅವಸರವಿಲ್ಲದೆ ಅಷ್ಟುದ್ದವೂ ನಡೆದರು. ಅವರು ಬಾಗಿಲು ದಾಟುವವರೆಗೂ ಸಭೆಯಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು.

ಮುಗಿದ ಮೇಲೆ ಜನ ವೇದಿಕೆಯ ಮೇಲೆಯೇ ಹತ್ತಿದರು. ನಿರ್ದೇಶಕಿಯನ್ನು ಸುತ್ತಿಕೊಂಡವರು ಕೆಲವರು, ಪ್ರಧಾನಿಯನ್ನು ಸುತ್ತಿಕೊಂಡವರು ಹಲವರು. ನಾನು ಉಳಿದ ನಾಲ್ಕು ಕೋಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ಐದನೆಯದಕ್ಕಾಗಿ ಪಕ್ಕದಲ್ಲಿ ಕಾಯುತ್ತಿದ್ದೆ. ರೊಳ್ಳ ಕಡೆಯ ಒಬ್ಬ ವಯಸ್ಸಾದ ರೈತ ಜನರನ್ನು ಸರಿಸಿಕೊಂಡು ಬಂದು ಪ್ರಧಾನಿಯ ಬಲಗೈ ಹಿಡಿದುಕೊಂಡ. ಮೊದಮೊದಲು ಅಷ್ಟು ನೆಟ್ಟಗಿದ್ದ ಭುಜವನ್ನು ಕೊನೆಯಲ್ಲಿ ನಿಜವಾಗಿ ಬಿದ್ದುಹೋದವರ ಹಾಗೆ ಹೇಗೆ ಇಳಿಸಿದಿರಿ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ. ಸುತ್ತಲಿನವರೂ ಅದನ್ನೇ ಕೇಳಬೇಕೆಂದಿದ್ದರು.  ಹೂಂ, ಅದೊಂದು ಅಭಿನಯ ಎಂದು ಹೇಳಿ ತಪ್ಪಿಸಿಕೊಳ್ಳಲು ಅವರಿಗೆ ಬೇಕಾದಷ್ಟು ದಾರಿಯಿತ್ತು.

ಅವರು ಕೋಟಿನ ಬಟನ್ನು ಬಿಚ್ಚಿ, ಆ ರೈತನ ಕೈಯನ್ನು ತಮ್ಮ ಬಲಗೈಯಲ್ಲಿ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ ಎಡ ಭುಜದ ಮೇಲೆ ಇಟ್ಟುಕೊಂಡರು.

"ಇಳಿದಿರೋದು ನಂದು ಕಣಪ್ಪ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅಷ್ಟೊತ್ತು ನೆಟ್ಟಗಿತ್ತಲ್ಲ, ಅದು ಈಯಮ್ಮಂದು."